18-300 ಲೆನ್ಸ್: ನಮ್ಮ ಕರಾವಳಿಯ ಉಪ್ಪು ಗಾಳಿಯಲ್ಲಿ ಸುಮಾರು ವರ್ಷ ಬಳಸಿದ ಮೇಲೆ

ಮಂಗಳೂರು ಉಡುಪಿ ಕಡೆ ಕ್ಯಾಮರಾ ನೇತುಹಾಕಿಕೊಂಡು ತಿರುಗುವವರಿಗೆ 18-300 (18 ಎಂಎಂನ ಅಗಲ ನೋಟದಿಂದ 300 ಎಂಎಂನ ದೂರದ ನೋಟದ ತನಕ ಹೋಗುವ ಒಂದೇ ಝೂಮ್ ಲೆನ್ಸ್) ಯಾಕೆ ಅಂತ ಕೇಳಿದ್ರೆ ನಾನು ಮೊದಲು ಹೇಳುದು ಧೂಳು, ಕೆಸರು, ಉಪ್ಪು ಗಾಳಿ. ಝೂಮ್ ವಿಷಯ ಎಲ್ಲ ಆಮೇಲೆ. ಮಲ್ಪೆ ಬಂದರಲ್ಲಿ ನೆಲ ಪೂರ್ತಿ ಐಸ್ ನೀರು, ಮೀನಿನ ಸಿಪ್ಪೆ, ಬ್ಯಾಗ್ ಕೆಳಗೆ ಇಡ್ಲಿಕ್ಕೆ ಜಾಗ ಇಲ್ಲ, ಅಲ್ಲಿ ನಿಂತು ಒಂದು ಲೆನ್ಸ್ ಕಂಕುಳಲ್ಲಿ ಒಂದು ಕೈಯಲ್ಲಿ ಹಿಡ್ಕೊಂಡು ಬದಲಾಯಿಸುದು ಎಂತ ಸಾವು ಮಾರಾಯ್ರೆ. ವಿಟ್ಲಪಿಂಡಿ (ಕೃಷ್ಣ ಜನ್ಮಾಷ್ಟಮಿಯ ಮಾರನೇ ದಿನದ ಮೊಸರು ಕುಡಿಕೆ ಹಬ್ಬ) ದಿವಸ ಉಡುಪಿ ರಥಬೀದಿಯಲ್ಲಿ ಅಂತೂ ಕೈ ಎತ್ತಲಿಕ್ಕೇ ಆಗುದಿಲ್ಲ. ಹುಲಿ ವೇಷದವರು ಎದುರಿಗೆ ಬಂದಾಗ 18ರಲ್ಲಿ ತೆಗೀಬೇಕು, ಅದೇ ಕ್ಷಣಕ್ಕೆ ಆಚೆ ಮೇಲೆ ಮೊಸರು ಕುಡಿಕೆಗೆ ಹೊಡಿತಾರೆ, ಅಲ್ಲಿಗೆ 150 ಆದ್ರೂ ಬೇಕು. ಒಂದೇ ಲೆನ್ಸ್ ಇದ್ದವನಿಗೆ ಎರಡೂ ಸಿಕ್ತದೆ.

ಕಂಪೆನಿ ಹೆಸರು ಬೇಕಂತಲೇ ಹೇಳುದಿಲ್ಲ. ನನ್ನದು 18-300, ಎಫ್ 3.5 ರಿಂದ 6.3ರದ್ದು (ಎಫ್ ಅಂದ್ರೆ ಬೆಳಕು ಒಳಗೆ ಬಿಡುವ ಕಿಂಡಿಯ ಅಳತೆ, ಅಂಕೆ ಸಣ್ಣದಾದಷ್ಟು ಬೆಳಕು ಜಾಸ್ತಿ). ಈ ಜಾತಿಯ ಲೆನ್ಸ್ ಯಾರು ಮಾಡಿದ್ರೂ ಒಳ್ಳೇದು ಕೆಟ್ಟದ್ದು ಹೆಚ್ಚುಕಮ್ಮಿ ಒಂದೇ, ಸುಮ್ಮನೆ ನಿಕಾನ್ ಕ್ಯಾನನ್ ಜಗಳ ಎಂತಕ್ಕೆ.

ಕಂಬಳದ ಬಗ್ಗೆ ಸ್ವಲ್ಪ ಹೇಳ್ತೇನೆ, ಯಾಕಂದ್ರೆ ಈ ಲೆನ್ಸ್ ಹಣ ವಸೂಲಿ ಮಾಡಿದ್ದು ಅಲ್ಲೇ. ಕನೆಹಲಗೆ ಓಟದಲ್ಲಿ ಕೋಣ ಎಳೆಯುವ ಹಲಗೆ ಮೇಲೆ ನಿಂತವ ನೀರನ್ನು ಮೇಲಕ್ಕೆ ಚಿಮ್ಮಿಸ್ಬೇಕು, ಆರೂವರೆ ಕೋಲು, ಏಳೂವರೆ ಕೋಲು ಅಂತ ಎತ್ತರದಲ್ಲಿ ಕಟ್ಟಿದ ನಿಶಾನೆಗೆ ಅದು ತಾಗ್ಬೇಕು. ಮಂಜೊಟ್ಟಿ (ಓಟ ಮುಗಿಯುವ ತುದಿ) ಬದಿಯಲ್ಲಿ ನಿಂತ್ರೆ ಕೋಣ ಆಚೆ ತುದಿಯಿಂದ ಬಿಟ್ಟಾಗ 300ರಲ್ಲಿ ಮುಖ ಮತ್ತು ಮೂಗಿನ ಹತ್ರ ಹಾರುವ ಕೆಸರು ಸಿಕ್ತದೆ, ಅರ್ಧಕ್ಕೆ ಬರುವಾಗ ರಿಂಗ್ ತಿರುಗಿಸಿ 100ರ ಹತ್ರ, ನೀರು ಮೇಲೆ ಹೋಗುವಾಗ 50ಕ್ಕಿಂತ ಕೆಳಗೆ ಬರ್ಬೇಕು, ಇಲ್ಲದಿದ್ರೆ ನಿಶಾನೆ ಫ್ರೇಮಿನ ಹೊರಗೆ ಹೋಗ್ತದೆ, ಆಮೇಲೆ ನೀರು ತಾಗಿತಾ ಇಲ್ವಾ ಅಂತ ಫೋಟೋ ನೋಡಿದವರಿಗೆ ಗೊತ್ತೇ ಆಗುದಿಲ್ಲ. ಇಷ್ಟೂ ಕೆಲವೇ ಸೆಕೆಂಡಿನಲ್ಲಿ. ಒಂದು ಉಪಾಯ ಹೇಳ್ತೇನೆ, 300ರಿಂದ 18ಕ್ಕೆ ಒಂದೇ ತಿರುವಿನಲ್ಲಿ ಬರ್ಲಿಕ್ಕೆ ಮಣಿಕಟ್ಟು ಸಾಲುದಿಲ್ಲ, ಹಾಗಾಗಿ ಎಡಗೈಯನ್ನು ಮೊದಲೇ ಪೂರ್ತಿ ಒಂದು ಬದಿಗೆ ತಿರುಚಿ ಹಿಡ್ಕೊಂಡು ಶುರು ಮಾಡಿ. ಫೋಕಸ್ ಕಂಟಿನ್ಯೂಅಸ್‌ನಲ್ಲಿ (ಓಡುವುದನ್ನು ಬಿಡದೆ ಹಿಂಬಾಲಿಸುವ ಮೋಡ್) ಇರ್ಲಿ, ಶಟರ್ ಸೆಕೆಂಡಿನ 1000ನೇ ಒಂದು ಭಾಗಕ್ಕಿಂತ ನಿಧಾನ ಬೇಡ.

ಆದ್ರೆ ಅದೇ ಕಂಬಳ ರಾತ್ರಿಗೆ ಹೋದ್ರೆ ಕಥೆ ಬೇರೆ. ಫ್ಲಡ್‌ಲೈಟ್ ಎಷ್ಟು ಹಾಕಿದ್ರೂ ಈ ಲೆನ್ಸಿಗೆ ಸಾಕಾಗುದಿಲ್ಲ. ಬಾಕ್ಸ್ ಮೇಲೆ 3.5 ಅಂತ ಇರುದು 18ರಲ್ಲಿ ಮಾತ್ರ, 100 ಎಂಎಂ ಬರುದರೊಳಗೆ ಅದು 5.6ಕ್ಕೆ ಬಂದಿರ್ತದೆ, ತುದಿಯಲ್ಲಿ 6.3. ಎಫ್ 2.8 ಲೆನ್ಸ್ ಒಳಗೆ ಬಿಡುವ ಬೆಳಕಿನ ಐದನೇ ಒಂದು ಪಾಲು ಅಷ್ಟೆ. ಮತ್ತೆ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮರಾ) ಬಾಡಿಗಳ ಹೆಚ್ಚಿನ ಫೋಕಸ್ ಪಾಯಿಂಟ್ ಎಫ್ 5.6 ತನಕದ ಬೆಳಕಿಗೆ ಅಂತ ಮಾಡಿದ್ದು, ಅದರ ಆಚೆಗೆ ಕತ್ತಲೆಯಲ್ಲಿ ಲೆನ್ಸ್ ಹಿಂದೆ ಮುಂದೆ ಹುಡುಕ್ತಾ ಇರ್ತದೆ, ಕೋಣ ಅಷ್ಟರಲ್ಲಿ ಮಂಜೊಟ್ಟಿ ಮುಟ್ಟಿ ಆಗಿರ್ತದೆ.

ಯಕ್ಷಗಾನಕ್ಕೂ ಇದೇ ಸಮಸ್ಯೆ. ವೇಷ ನಿಂತು ಅರ್ಥ ಹೇಳುವಾಗ ಏನೂ ತೊಂದರೆ ಇಲ್ಲ, ಹಿಂದಿನ ಸಾಲಿನಿಂದ ಕೂಡ ಕಿರೀಟದ ಕೆಲಸ, ಕಣ್ಣಿನ ಕಪ್ಪು ಎಲ್ಲ ಚಂದ ಬರ್ತದೆ. ದಿಗಿಣ (ಹಾರಿ ತಿರುಗುವ ಕುಣಿತ) ಶುರುವಾದ್ರೆ ಮುಗೀತು. ಆಗ ಶಟರ್ ಸೆಕೆಂಡಿನ 500ನೇ ಒಂದು ಭಾಗದ ಹತ್ರ ಬೇಕು, ಐಎಸ್‌ಓ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 12800ಕ್ಕೆ ಹೋಗ್ತದೆ, ಕೆಂಪು ಬಟ್ಟೆಯಲ್ಲಿ ಕಾಳು ಕಾಳು ಕಾಣ್ತದೆ. ಸ್ಟೆಬಿಲೈಸೇಶನ್ ಉಂಟಲ್ಲ ಅಂತ ಕೆಲವರು ಹೇಳ್ತಾರೆ. ಅದು ನಮ್ಮ ಕೈ ನಡುಕಕ್ಕೆ ಮದ್ದು, ವೇಷದವರ ಕುಣಿತ ಅದರಿಂದ ನಿಲ್ಲುದಿಲ್ಲ. ಉಡುಪಿ ಮಠದ ಪರ್ಯಾಯ ಮೆರವಣಿಗೆ ಬೆಳಗಿನ ಜಾವ, ಭೂತ ಕೋಲ ರಾತ್ರಿ, ಯಕ್ಷಗಾನದ ಆಟ ರಾತ್ರಿ, ಕುದ್ರೋಳಿ ದಸರಾ ಲೈಟಿಂಗ್ ರಾತ್ರಿ. ನಮ್ಮ ಊರಿನ ಅರ್ಧ ಚಂದ ಕತ್ತಲಾದ ಮೇಲೆಯೇ ಶುರುವಾಗುದು, ಈ ಲೆನ್ಸ್ ಆವಾಗ ಮಲಗ್ತದೆ. ಅದಕ್ಕೆ ನಾನು ಒಂದು 35 ಎಂಎಂ ಎಫ್ 1.8 ಜೊತೆಗೆ ಇಟ್ಟಿದ್ದೇನೆ, ಅಂಗೈಯಷ್ಟು ಸಣ್ಣದು, ಅದೇ 35ರಲ್ಲಿ ಈ ಝೂಮ್‌ಗಿಂತ ಆರು ಪಟ್ಟು ಬೆಳಕು ಬಿಡ್ತದೆ. ಸಂಜೆ ಕಳೆದ ಮೇಲೆ ಮನೆಯಿಂದ ಹೊರಡುವಾಗಲೇ ಅದನ್ನು ಹಾಕಿ ಹೊರಡುದು.

ಚಿತ್ರದ ಕ್ವಾಲಿಟಿ ಹೇಗೆ? ಫೇಸ್‌ಬುಕ್, ವಾಟ್ಸಾಪ್‌ಗೆ ಯಾರಿಗೂ ಗೊತ್ತಾಗುದಿಲ್ಲ. ದೊಡ್ಡ ಪ್ರಿಂಟ್ ಹಾಕಿದ್ರೆ 300ರಲ್ಲಿ ಮೂಲೆಗಳು ಮೆದು, ಎಫ್ 8ಕ್ಕೆ ಇಳಿಸಿದ್ರೆ ಪರವಾಗಿಲ್ಲ. 18ರಲ್ಲಿ ಗೆರೆ ಬಾಗ್ತದೆ, ಇದು ಸಮುದ್ರ ಇರುವ ಊರಿನವರಿಗೆ ಜಾಸ್ತಿ ಕಿರಿಕಿರಿ. ಸೈಂಟ್ ಮೇರಿಸ್ ದ್ವೀಪದಲ್ಲಿ ಆ ಲಾವಾ ಕಲ್ಲಿನ ಕಂಬಗಳನ್ನು ಕೆಳಗೆ ಇಟ್ಟು ಕ್ಷಿತಿಜ ಫ್ರೇಮಿನ ಮೇಲಿನ ಅಂಚಿಗೆ ಹಾಕಿ ನೋಡಿ, ಕಡಲು ಕೊಡೆಯ ಹಾಗೆ ಬಾಗಿ ಕಾಣ್ತದೆ. ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ಲೆನ್ಸಿನ ಪ್ರೊಫೈಲ್ (ಬಾಗು ತಿದ್ದುವ ಲೆಕ್ಕ) ಹಾಕಿದ್ರೆ ಸರಿಯಾಗ್ತದೆ, ಆದ್ರೆ ಅಂಚು ಸ್ವಲ್ಪ ಕತ್ತರಿಸಿ ಹೋಗ್ತದೆ, ಹಾಗಾಗಿ ಮೊದಲೇ ಒಂಚೂರು ಜಾಗ ಬಿಟ್ಟು ತೆಗೀರಿ.

ಇನ್ನೊಂದು ವಿಷಯ, ಅಂಗಡಿಯವರು ಯಾರೂ ಹೇಳುದಿಲ್ಲ. ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದ್ರೆ ಈ 300 ನಿಜವಾದ 300 ಆಗಿ ಉಳಿಯುದಿಲ್ಲ. ಹಿತ್ತಲಲ್ಲಿ ಹತ್ರದ ಚಿಟ್ಟೆಗೆ ಹಿಡಿದ್ರೆ ಅದಕ್ಕಿಂತ ಎಷ್ಟೋ ಕಮ್ಮಿ ಅನ್ನುವ ಹಾಗೆ ಕಾಣ್ತದೆ. ಮಲ್ಪೆಯಲ್ಲಿ ಬೋಟಿನ ಮೇಲೆ ಹಾರುವ ಗರುಡನಿಗೆ, ಕೋಡಿ ಬೆಂಗ್ರೆಯಲ್ಲಿ ಆಚೆ ದಡದ ಬೆಳ್ಳಕ್ಕಿಗೆ ಪೂರ್ತಿ 300 ಸಿಕ್ತದೆ.

ಇನ್ನು ಮಳೆಗಾಲದ ವಿಷಯ. ಇದು ನಿಜವಾದ ತಲೆಬಿಸಿ. ಈ ಲೆನ್ಸ್ ಝೂಮ್ ಮಾಡುವಾಗ ಉದ್ದ ಆಗ್ತದಲ್ಲ, ಆಗ ಹೊರಗಿನ ಗಾಳಿ ಒಳಗೆ ಎಳ್ಕೊಳ್ತದೆ, ಗಿಡ್ಡ ಮಾಡುವಾಗ ಹೊರಗೆ ಬಿಡ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗಾಳಿಯ ತೇವ 80-90 ಪರ್ಸೆಂಟ್, ಬೀರುವಿನ ಒಳಗಿನ ಚಪ್ಪಲಿಗೇ ಬೂಷ್ಟು ಬರುವ ಕಾಲ, ಗಾಜಿಗೆ ಬಾರದೆ ಇರ್ತದಾ? ನನ್ನದರಲ್ಲೂ ಒಮ್ಮೆ ಒಳಗಿನ ಗಾಜಿನ ಅಂಚಿಗೆ ಜೇಡನ ಬಲೆಯ ಎಳೆಯಂತಹ ಫಂಗಸ್ ಕಂಡಿತು, ಬಿಚ್ಚಿಸಿ ಕ್ಲೀನ್ ಮಾಡಿಸಿ ಆಯ್ತು. ಕಂಪೆನಿಯ ತಪ್ಪು ಅಂತ ಹೇಳ್ಲಿಕ್ಕಾಗುದಿಲ್ಲ, ಇಲ್ಲಿನ ಹವೆಯೇ ಹಾಗೆ. ಡ್ರೈ ಕ್ಯಾಬಿನೆಟ್ ತಗೊಳ್ಳಿ, 40-50 ಪರ್ಸೆಂಟ್‌ನಲ್ಲಿ ಇಡಿ. ದುಡ್ಡು ಇಲ್ಲದಿದ್ರೆ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಬಣ್ಣ ಬದಲಾಗುವ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಸಾಕು. ಬಣ್ಣ ತಿರುಗಿದ ಜೆಲ್ ಬಿಸಿ ಮಾಡುವಾಗ ಅಡುಗೆ ಪಾತ್ರೆ ಮುಟ್ಬೇಡಿ, ಕೆಲವು ಜೆಲ್‌ನಲ್ಲಿ ಕೋಬಾಲ್ಟ್ ಇರ್ತದೆ. ಕ್ಯಾಮರಾದ ಜೊತೆ ಬರುವ ಬ್ಯಾಗ್‌ನಲ್ಲೇ ಮುಚ್ಚಿಟ್ಟು ಇಡುದು ಎಲ್ಲಕ್ಕಿಂತ ಕೆಟ್ಟದು, ಸ್ಪಂಜು ತೇವ ಹೀರಿ ಕೂತಿರ್ತದೆ.

ಸವಕಳಿ ಬಗ್ಗೆ: ಕೆಳಮುಖ ನೇತುಹಾಕಿ ನಡೆದ್ರೆ ಲೆನ್ಸ್ ತನ್ನಷ್ಟಕ್ಕೆ ಇಳಿದು ಉದ್ದ ಆಗ್ತದೆ. ಲಾಕ್ ಉಂಟು, ಆದ್ರೆ 18ರಲ್ಲಿ ಮಾತ್ರ ಹಿಡಿತದೆ. ಅಗಲದ ರಬ್ಬರ್ ಬ್ಯಾಂಡ್ ಒಂದನ್ನು ಝೂಮ್ ರಿಂಗ್ ಮತ್ತು ಬ್ಯಾರೆಲ್ ಸೇರುವಲ್ಲಿ ಹಾಕಿದ್ದೇನೆ, ಬೇರೆ ಲೆನ್ಸ್‌ನವರಿಗೆ ನೋಡಿ ನಗು ಬರಬಹುದು, ಕೆಲಸ ಮಾಡ್ತದೆ.

ಯಾವುದು ತಗೊಳ್ಳುದು ಅಂತ ಕೇಳುವವರಿಗೆ. ಟ್ಯಾಮ್ರಾನ್ 18-400, 2017ರಲ್ಲಿ ಬಂದದ್ದು, 700 ಗ್ರಾಂ ಮೇಲೆ ತೂಗ್ತದೆ, ಹಕ್ಕಿ ಹುಚ್ಚು ಇದ್ರೆ ಅದು ನೋಡಿ. ಅವರದ್ದೇ 16-300 ಉಂಟು, ರಥಬೀದಿಯಲ್ಲಿ ಬ್ರಹ್ಮರಥದ ಬುಡದಲ್ಲಿ ನಿಂತವನಿಗೆ ಆ 16ಕ್ಕೂ 18ಕ್ಕೂ ಇರುವ ವ್ಯತ್ಯಾಸ 18-400ರ ಮೇಲಿನ 100 ಎಂಎಂಗಿಂತ ಉಪಕಾರಿ. ನಿಕಾನ್‌ನಲ್ಲಿ 18-300 ಎರಡು ಇವೆ, 2012ರದ್ದು 830 ಗ್ರಾಂ, 2014ರದ್ದು 550 ಗ್ರಾಂ, ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡೂ ಸಿಕ್ತದೆ, ನೋಡಿ ತಗೊಳ್ಳಿ. ಈಗಾಗಲೇ ನಿಕಾನ್ 18-140 ಅಥವಾ ಕ್ಯಾನನ್ 18-135 ಇದ್ದವರು ಕಂಬಳ, ಹಕ್ಕಿ ತೆಗಿಯುದಿಲ್ಲ ಅಂತಾದ್ರೆ ಬದಲಾಯಿಸುದು ವೇಸ್ಟ್, ಆ ದುಡ್ಡಿಗೆ 35 ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ಆದ್ರೆ ಮೊಬೈಲ್ ಟಾರ್ಚ್ ಹಿಂದಿನಿಂದ ಹಾಕಿ 18ರಲ್ಲೂ 300ರಲ್ಲೂ ಇಣುಕಿ ನೋಡಿ, ಮಳೆಗಾಲ ಕಳೆದ ಮೇಲೆ ಮಾರಾಟಕ್ಕೆ ಬಂದದ್ದಾದ್ರೆ ಇನ್ನೂ ಸರಿಯಾಗಿ ನೋಡಿ. ಮುಂದೆ ಫುಲ್ ಫ್ರೇಮ್‌ಗೆ (ದೊಡ್ಡ ಸೆನ್ಸರಿನ ಕ್ಯಾಮರಾ) ಹೋಗುವ ಅಂದಾಜು ಉಂಟಾದ್ರೆ ಒಂದು ಮಾತು, ಇವೆಲ್ಲ ಸಣ್ಣ ಸೆನ್ಸರಿನ ಲೆನ್ಸ್, 24 ಮೆಗಾಪಿಕ್ಸೆಲ್‌ನ ನಿಕಾನ್ ಫುಲ್ ಫ್ರೇಮ್‌ಗೆ ಹಾಕಿದ್ರೆ ಕ್ರಾಪ್ ಆಗಿ 10 ಮೆಗಾಪಿಕ್ಸೆಲ್‌ನ ಆಸುಪಾಸು ಸಿಕ್ತದೆ, ಕ್ಯಾನನ್‌ನ ಇಎಫ್-ಎಸ್ (ಸಣ್ಣ ಸೆನ್ಸರಿಗೆ ಮಾಡಿದ) ಲೆನ್ಸ್ ಅಂತೂ ಅವರದೇ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್ ಬಾಡಿಗೆ ಕೂರುದೇ ಇಲ್ಲ.