38 ಸಾವಿರಕ್ಕೆ ಸ್ಕಾರ್ಪಿಯೋ ರ‍್ಯಾಪ್ ಮಾಡಿಸಿದೆ, ನೀವು ಹೀಗೆ ಮಾಡಬೇಡಿ

ಗಾಡಿಗೆ ರ‍್ಯಾಪ್ ಮಾಡಿಸಬೇಕು, ಅಂದರೆ ಬಾಡಿ ಪೂರ್ತಿ ಬೇರೆ ಬಣ್ಣದ ಪ್ಲಾಸ್ಟಿಕ್ ಫಿಲ್ಮ್ ಅಂಟಿಸಬೇಕು ಅಂತ ರೇಟು ಹುಡುಕುತ್ತಿರುವವರು ಇದನ್ನು ಓದಿಕೊಂಡು ಹೋಗಿ. ನನಗೆ ಒಟ್ಟು 69,500 ರೂಪಾಯಿ ಖರ್ಚಾಗಿದೆ. ಗಾಡಿ ಮಾತ್ರ ಮೊದಲಿನ ಬಿಳಿ ಬಣ್ಣಕ್ಕೇ ವಾಪಸ್ ಬಂದಿದೆ, ಅದೂ ಗೀರುಗಳ ಸಮೇತ.

ನನ್ನದು 2018ರ ಬಿಳಿ ಸ್ಕಾರ್ಪಿಯೋ. ಮೊದಲು ಮಿಲಿಟರಿ ಹಸಿರು ಮಾಡಿಸೋಣ ಅಂತಿದ್ದೆ. ಆಲಿವ್ ಗ್ರೀನ್ ಸೇನೆಯ ಗಾಡಿಗಳಿಗೆ ಮಾತ್ರ, ನಮ್ಮ ಗಾಡಿಗೆ ಆ ಬಣ್ಣ ಹೊಡೆಸುವಂತಿಲ್ಲ ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ ಎಂದು ಗೊತ್ತಾಗಿ ಕೈಬಿಟ್ಟೆ. ಕೊನೆಗೆ ಮ್ಯಾಟ್ ಗ್ರೇ ಅಂತ ಆಯಿತು.

ಬೆಂಗಳೂರಿನ ಜೆಸಿ ರೋಡ್‌ನಲ್ಲಿ ವಿಚಾರಿಸಿದೆ. ಒಬ್ಬರು ಜಿಎಸ್‌ಟಿ ಸೇರಿ 95,000 ಹೇಳಿದರು, ಗಾಡಿ 4 ದಿನ ಬಿಡಬೇಕು ಅಂದರು. ಇನ್ನೊಬ್ಬರು ಲಕ್ಷದ ಮೇಲೆ ಹೇಳಿದರು. ಸ್ಟಿಕ್ಕರಿಗೆ ಲಕ್ಷವಾ ಅಂತ ನಗು ಬಂತು. ಆಮೇಲೆ ಮನೆ ಹತ್ತಿರದ ಒಂದು ಅಂಗಡಿಯವನು 38,000ಕ್ಕೆ ಒಪ್ಪಿದ. "ಸೇಮ್ ಮೆಟೀರಿಯಲ್ ಸಾರ್, ಅವರು ಅಂಗಡಿ ಬಾಡಿಗೆ ಜಾಸ್ತಿ ಕಟ್ತಾರೆ, ಅದಕ್ಕೆ ಆ ರೇಟು. ನಾಳೆ ಸಂಜೆ ಗಾಡಿ ಕೊಡ್ತೀನಿ" ಅಂದ. ಬಿಲ್ ಬೇಡ ಅಂದರೆ 18 ಪರ್ಸೆಂಟ್ ಉಳಿಯುತ್ತೆ ಅಂತಲೂ ಹೇಳಿದ. ನಾನು ಉಳಿಸಿದೆ.

ಆಗಲೇ ಒಂದು ಸಣ್ಣ ಲೆಕ್ಕ ಹಾಕಿದ್ದರೆ ಸಾಕಿತ್ತು. ರೋಲ್ ಸುಮಾರು 5 ಅಡಿ ಅಗಲ ಇರುತ್ತದೆ. ಇಷ್ಟು ದೊಡ್ಡ ಗಾಡಿಗೆ ವೇಸ್ಟ್ ಸೇರಿ 20 ಮೀಟರ್ ಮೇಲೇ ಬೇಕು. ಜೆಸಿ ರೋಡ್‌ನಲ್ಲಿ ಒಳ್ಳೆ ಫಿಲ್ಮಿಗೆ ಮೀಟರಿಗೆ ಎರಡೂವರೆ ಸಾವಿರ ಹೇಳಿದ್ದರು. ಅಂದರೆ ಬರೀ ಮಾಲೇ 50,000. ಕೂಲಿ ಸೇರಿಸಿ 38ಕ್ಕೆ ಅದೇ ಮಾಲು ಎಲ್ಲಿಂದ ಬರುತ್ತೆ? ಅಂಗಡಿಯಲ್ಲಿ ಕಂಪನಿ ಹೆಸರಿನ ಡಬ್ಬಿ ಇಟ್ಟಿದ್ದ, ಅದನ್ನೇ ನೋಡಿ ನಂಬಿದೆ. ಫಿಲ್ಮ್ ಹಿಂದಿನ ಕಾಗದ ತಿರುಗಿಸಿ ನೋಡಲಿಲ್ಲ. ಅದು ಕಂಪನಿ ಹೆಸರೇ ಇಲ್ಲದ ಬೋಳು ಬಿಳಿ ಕಾಗದ ಅಂತ ನಂತರ ನಾನೇ ತೆಗೆದ ಫೋಟೋದಲ್ಲಿ ಕಾಣಿಸಿತು.

ಈ ಫಿಲ್ಮ್ ಮಾಡುವ ಪ್ಲಾಸ್ಟಿಕ್, ಅಂದರೆ ವಿನೈಲ್‌ನಲ್ಲಿ ಎರಡು ಜಾತಿ. ಕಾಸ್ಟ್ ಅನ್ನುವುದು ನೀರುದೋಸೆ ಹೊಯ್ದ ಹಾಗೆ, ದ್ರವವನ್ನು ತೆಳ್ಳಗೆ ಹರಡಿ ಮಾಡಿದ್ದು, ಕೂತ ಕಡೆ ಕೂರುತ್ತದೆ. ಕ್ಯಾಲೆಂಡರ್ಡ್ ಅನ್ನುವುದು ಬಿಸಿ ರೋಲರ್‌ಗಳ ಮಧ್ಯೆ ಚಪಾತಿ ಥರ ಲಟ್ಟಿಸಿದ್ದು. ಲಟ್ಟಿಸಿದ ಚಪಾತಿ ಮೆಲ್ಲಗೆ ಹಿಂದಕ್ಕೆ ಸರಿಯುತ್ತಲ್ಲ, ಇದೂ ಹಾಗೇ, ಬಿಸಿಲಿಗೆ ಕುಗ್ಗುತ್ತದೆ. ಸಪಾಟಾದ ಬೋರ್ಡಿಗೆ ಅದು ಸಾಕು. ಬಂಪರಿನ ಉಬ್ಬುತಗ್ಗಿಗೆ ಆಗಲ್ಲ. ನನಗೆ ಹಾಕಿದ್ದು ಎರಡನೆಯದು.

ಮೂರು ತಿಂಗಳು ಚೆನ್ನಾಗೇ ಇತ್ತು, ಸಿಗ್ನಲ್‌ನಲ್ಲಿ ಜನ ತಿರುಗಿ ನೋಡುತ್ತಿದ್ದರು, ಸುಳ್ಳು ಯಾಕೆ ಹೇಳಲಿ. ಏಪ್ರಿಲ್‌ನಲ್ಲಿ ರಾಯಚೂರಿಗೆ ಹೋದೆ. ದಾರಿಯಲ್ಲಿ ಬಳ್ಳಾರಿ ಹತ್ತಿರ ಪೊಲೀಸರು ನಿಲ್ಲಿಸಿದರು. ಆರ್‌ಸಿಯಲ್ಲಿ ವೈಟ್, ಎದುರಿಗಿರುವುದು ಗ್ರೇ. ಅರ್ಧ ಗಂಟೆ ಅಲ್ಲೇ ಹೋಯಿತು. ಪೂರ್ತಿ ಬಣ್ಣ ಬದಲಾಯಿಸುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳಿ, ಇದನ್ನು ಅಂಗಡಿಯವನು ಹೇಳಲ್ಲ. ರಾಯಚೂರಲ್ಲಿ 40 ಡಿಗ್ರಿ ಮೇಲಿನ ಬಿಸಿಲಿಗೆ ಗಾಡಿ ನಾಲ್ಕು ದಿನ ನಿಂತಿತು. ಬಂಪರಿನ ಮೂಲೆ, ಬಾಗಿಲ ಅಂಚು, ಮಿರರ್ ಸುತ್ತ ಎಲ್ಲ ಕಡೆ ಫಿಲ್ಮ್ ಸುರುಳಿ ಸುತ್ತಿಕೊಂಡು ಎದ್ದುಬಿಟ್ಟಿತು. ಮಾವ ಗಾಡಿಗೆ ಒಂದು ಸುತ್ತು ಹಾಕಿ, "ಏನೋ ಅಳಿಯಾ, ಹಾವು ಪೊರಿ ಬಿಟ್ಟಂಗ ಆಗೇದಲ್ಲೋ" ಅಂದರು.

ನಿಜವಾದ ಖರ್ಚು ಶುರುವಾಗಿದ್ದು ತೆಗೆಸುವಾಗ. ಅಗ್ಗದ ಫಿಲ್ಮ್ ಹಾಳೆಯಾಗಿ ಬರಲ್ಲ, ಉಗುರಷ್ಟಗಲ ಚೂರು ಚೂರಾಗಿ ಬರುತ್ತದೆ, ಅಂಟು ಪೂರ್ತಿ ಬಾಡಿ ಮೇಲೇ ಉಳಿಯುತ್ತದೆ. ಬೇರೆ ಕಡೆ ಹೀಟ್ ಗನ್ ಹಿಡಿದು ಇಬ್ಬರು ಹುಡುಗರು ಮೂರು ದಿನ ಕೂತರು, 15,000 ಆಯಿತು. ಮುಂದಿನ ಬಂಪರಿಗೂ ಬಾನೆಟ್ಟಿಗೂ ಹಿಂದೊಮ್ಮೆ ಲೋಕಲ್ ಆಗಿ ಪೇಂಟ್ ಮಾಡಿಸಿದ್ದೆ. ಫಿಲ್ಮ್ ಜೊತೆ ಆ ಪೇಂಟೂ ಕಿತ್ತುಕೊಂಡು ಬಂತು. ಮತ್ತೆ ಹೊಡೆಸಲು 16,500. ಕಂಪನಿ ಪೇಂಟ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ, ಆಮೇಲೆ ಹೊಡೆಸಿದ್ದು ಕಷ್ಟ. ನಿಮ್ಮ ಗಾಡಿಯಲ್ಲೂ ಹೀಗಿದ್ದರೆ ಅಂಗಡಿಯವರಿಗೆ ಮೊದಲೇ ಹೇಳಿ.

ಗೀರುಗಳ ಕಥೆ ಬೇರೆ. ಮೊದಲು ಫಿಲ್ಮ್ ಅಂಟಿಸಿದವನು ಹ್ಯಾಂಡಲ್, ಲೈಟ್ ಯಾವುದನ್ನೂ ಬಿಚ್ಚಿರಲಿಲ್ಲ. ಗಾಡಿ ಮೇಲೇ ಫಿಲ್ಮ್ ಇಟ್ಟು ಸುತ್ತಲೂ ಬ್ಲೇಡ್ ಆಡಿಸಿದ್ದಾನೆ. ನಾಲ್ಕೂ ಹ್ಯಾಂಡಲ್ ಸುತ್ತ ಕೂದಲೆಳೆಯಷ್ಟು ಗೆರೆ ಬಿದ್ದಿದೆ. ಅವು ಹೋಗಬೇಕಾದರೆ ಬಾಗಿಲುಗಳಿಗೂ ಪೇಂಟ್ ಹೊಡೆಸಬೇಕು, ಸದ್ಯಕ್ಕೆ ಶಕ್ತಿ ಇಲ್ಲ.

ಅದಕ್ಕೇ ರೇಟು ಕೇಳುವ ಮೊದಲು ಹ್ಯಾಂಡಲ್ ಬಿಚ್ಚುತ್ತೀರಾ ಅಂತ ಕೇಳಿ. ಒಂದೂವರೆ ದಿನದಲ್ಲಿ ಕೊಡ್ತೀನಿ ಅನ್ನುವವನು ಬಿಚ್ಚಲ್ಲ. ಫಿಲ್ಮಿನ ಹೆಸರು, ನಂಬರ್ ಬಿಲ್ಲಿನಲ್ಲಿ ಬರೆಸಿ, ರೋಲನ್ನು ನಿಮ್ಮ ಎದುರಿಗೇ ತೆಗೆಸಿ. ಎರಡು ವರ್ಷದ ನಂತರ ತೆಗೆಯಲು ಎಷ್ಟಾಗುತ್ತೆ ಅಂತ ಇವತ್ತೇ ಕೇಳಿ. ಕೈಯಲ್ಲಿ ಅಷ್ಟು ದುಡ್ಡಿಲ್ಲ ಅಂದರೆ ಟಾಪಿಗೆ, ಮಿರರ್‌ಗೆ ಮಾತ್ರ ಒಳ್ಳೆ ಫಿಲ್ಮ್ ಹಾಕಿಸಿ ಸುಮ್ನೆ ಇರಿ, ಬಿಳಿ ಗಾಡಿಗೆ ಕಪ್ಪು ಟಾಪು ಚೆನ್ನಾಗೇ ಕಾಣುತ್ತೆ.

ಬಿಲ್ ಇಲ್ಲದೆ ಗ್ರಾಹಕರ ಕೋರ್ಟಿಗೆ ಏನು ಹಿಡಿದುಕೊಂಡು ಹೋಗಲಿ? ಯುಪಿಐ ದುಡ್ಡು ಹೋಗಿದ್ದು ಅಂಗಡಿ ಹೆಸರಿಗೂ ಅಲ್ಲ, ಅವನ ಹೆಂಡತಿ ಹೆಸರಿಗೆ. ಕೊನೆಗೆ ಅಂಗಡಿಗೇ ಹೋಗಿ ಫೋಟೋ ತೋರಿಸಿದೆ. ಪೂರ್ತಿ ನೋಡಿ ತಲೆಯಾಡಿಸಿ, "ಟೆನ್ಷನ್ ತಗೋಬೇಡಿ ಸಾರ್, ಈ ಸಲ ಗ್ಲಾಸಿ ಬ್ಲ್ಯಾಕ್ ಹಾಕಿ ಕೊಡ್ತೀನಿ, ನಿಮಗೆ ಅಂತ 35" ಅಂದ.