ಪ್ರೊಬೇಷನ್ ಬೇಗ ಮುಗಿಸಿಕೊಡುವ ‘ಫ್ಲಾಟ್ ಫೀ’ ಪ್ಯಾಕೇಜ್: ಕೊಟ್ಟ ದುಡ್ಡಿಗೆ ಸಿಗುವುದೇನು?

ಅಮೆರಿಕದಲ್ಲಿ ಕ್ರಿಮಿನಲ್ ಕೇಸಿನ ಪ್ರೊಬೇಷನ್ (ಜೈಲಿನ ಬದಲು ಷರತ್ತುಗಳೊಡನೆ, ಅಧಿಕಾರಿಯ ನಿಗಾದಲ್ಲಿ ಹೊರಗಿರುವ ಶಿಕ್ಷೆ) ಅವಧಿಗೆ ಮೊದಲೇ ಮುಗಿಸಿ ಎಂದು ಕೋರ್ಟಿಗೆ ಅರ್ಜಿ ಹಾಕಲು ಹಲವು ವಕೀಲರು ಒಂದೇ ಮೊತ್ತದ ಫೀಸು ಹೇಳುತ್ತಾರೆ. ಅರ್ಜಿ ಎರಡು-ಮೂರು ಪುಟವಷ್ಟೇ, ಅದನ್ನು ಯಾರು ಬೇಕಾದರೂ ಟೈಪ್ ಮಾಡಬಹುದು. ಈ ಸೇವೆಯ ನಿಜವಾದ ಬೆಲೆ ಇರುವುದು ಫೈಲ್ ಮಾಡುವ ಮುನ್ನ ಮಾಡುವ ಎರಡು ಫೋನ್ ಕರೆಯಲ್ಲಿ: ಒಂದು ಪ್ರೊಬೇಷನ್ ಆಫೀಸರಿಗೆ, ಇನ್ನೊಂದು ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲರ) ಕಚೇರಿಗೆ. ಇಬ್ಬರದೂ ತಕರಾರಿಲ್ಲ ಎಂದಾದರೆ ನ್ಯಾಯಾಧೀಶರ ಮುಂದೆ ಅರ್ಧ ಕೆಲಸ ಮುಗಿದಂತೆ. ಆ ಕರೆ ಮಾಡದೆ ನೇರ ಫೈಲ್ ಮಾಡುವ ಅಗ್ಗದ ಪ್ಯಾಕೇಜಿಗೆ ಐದಕ್ಕೆ ಒಂದು ಅಂಕ. ಮಾಡುವವರಿಗೆ ನಾಲ್ಕು.

ದುಡ್ಡು ಕೊಡುವ ಮುಂಚೆ ಅರ್ಹತೆ ಬಂದಿದೆಯೇ ಕೇಳಿ. ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟಿನಲ್ಲಿ ಮಿಸ್‌ಡಿಮೀನರ್ (ಸಣ್ಣ ಅಪರಾಧ) ಆದರೆ ಯಾವಾಗ ಬೇಕಾದರೂ ಕೇಳಬಹುದು, ಫೆಲನಿಗೆ (ಗಂಭೀರ ಅಪರಾಧಕ್ಕೆ) ಒಂದು ವರ್ಷ ಕಳೆದಿರಬೇಕು. ಟೆಕ್ಸಾಸ್‌ನಲ್ಲಿ ಅವಧಿಯ ಮೂರನೇ ಒಂದು ಭಾಗ ಅಥವಾ ಎರಡು ವರ್ಷ, ಯಾವುದು ಕಡಿಮೆಯೋ ಅದು. ಆದರೆ ಅಲ್ಲಿ ಕುಡಿದು ವಾಹನ ಓಡಿಸಿದ ಕೇಸಿಗೆ ಈ ದಾರಿಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ ಬಹುತೇಕ ಮಿಸ್‌ಡಿಮೀನರ್ ಪ್ರೊಬೇಷನ್‌ಗೆ ಒಂದು ವರ್ಷ, ಫೆಲನಿಗೆ ಎರಡು ವರ್ಷವೇ ಮಿತಿ. ಡಿಯುಐ (ಕುಡಿದು ವಾಹನ ಓಡಿಸುವುದು), ಕೌಟುಂಬಿಕ ಹಿಂಸೆಯಂಥ ಕೆಲವು ಕೇಸುಗಳು ಹೊರತು. ಹೀಗಾಗಿ ಕೆಲವೇ ತಿಂಗಳಲ್ಲಿ ತಾನಾಗಿ ಮುಗಿಯುವ ಪ್ರೊಬೇಷನ್‌ಗೂ ಪ್ಯಾಕೇಜ್ ಮಾರುವವರಿದ್ದಾರೆ. ತೀರ್ಪಿನ ಪ್ರತಿಯಲ್ಲಿ ತಾರೀಖು ನೋಡಿಕೊಳ್ಳಿ.

ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಬಾಕಿ ದುಡ್ಡಿನಿಂದ. ದಂಡ, ಕೋರ್ಟ್ ಖರ್ಚು, ಎಲ್ಲಕ್ಕಿಂತ ಮುಖ್ಯವಾಗಿ ಸಂತ್ರಸ್ತರಿಗೆ ಕಟ್ಟಬೇಕಾದ ಪರಿಹಾರ. ನಿಮ್ಮ ಬಳಿ ರಸೀದಿ ಇದ್ದರೆ ಸಾಲದು, ಕ್ಲರ್ಕ್ ಕಚೇರಿಯ ಲೆಕ್ಕದ ಹಾಳೆಯಲ್ಲಿ ಬಾಕಿಯ ಕಾಲಮ್ ಸೊನ್ನೆ ತೋರಿಸಬೇಕು. ಅಸಲು ತೀರಿದ ಮೇಲೂ ಬಡ್ಡಿಯೋ ತಿಂಗಳ ಮೇಲ್ವಿಚಾರಣಾ ಶುಲ್ಕವೋ ಅದೇ ಹಾಳೆಯ ಕೊನೆಯ ಸಾಲಿನಲ್ಲಿ ಕೂತಿರುತ್ತದೆ, ಯಾರೂ ಓದಿರುವುದಿಲ್ಲ. ಕೌನ್ಸೆಲಿಂಗ್ ಮುಗಿಸಿದ ಪ್ರಮಾಣಪತ್ರದ ಕತೆಯೂ ಇದೇ: ಕ್ಲಾಸ್ ನಡೆಸಿದವರು ಕಳಿಸಿರುತ್ತಾರೆ, ಆಫೀಸರ್ ಫೈಲಿಗೆ ಬಂದಿರುವುದಿಲ್ಲ. ಸಮುದಾಯ ಸೇವೆಯ ಗಂಟೆಗಳ ಪಟ್ಟಿಯಲ್ಲಿ ಸಹಿ, ದಿನಾಂಕ ಎರಡೂ ಬೇಕು. ಒಳ್ಳೆಯ ವಕೀಲರು ಈ ಮೂರನ್ನೂ ತರಿಸಿ, ನೋಡಿ, ಆಮೇಲೆ ಫೈಲ್ ಮಾಡುತ್ತಾರೆ.

ಅರ್ಜಿಯಲ್ಲಿ “ನಾನು ಬದಲಾಗಿದ್ದೇನೆ” ಎಂಬುದಕ್ಕೆ ತೂಕ ಕಡಿಮೆ. ಷರತ್ತು ಪಾಲಿಸುವುದು ಹೇಗೂ ಕರ್ತವ್ಯ ಎನ್ನುವ ನ್ಯಾಯಾಧೀಶರೇ ಹೆಚ್ಚು. ಪ್ರೊಬೇಷನ್‌ನಿಂದ ಯಾವ ಕೆಲಸ, ಯಾವ ಲೈಸೆನ್ಸ್, ಯಾವ ಪ್ರಯಾಣ ನಿಂತಿದೆ ಎಂದು ಪತ್ರ ಸಮೇತ ತೋರಿಸಿ. ಪ್ರಯಾಣ ಒಂದೇ ತೊಂದರೆಯಾದರೆ ಆ ಷರತ್ತನ್ನಷ್ಟೇ ಸಡಿಲಿಸಲು ಕೇಳುವುದು ಸುಲಭ.

ಪ್ಯಾಕೇಜ್‌ಗಳು ಹೇಳದೆ ಬಿಡುವ ಮಾತೊಂದಿದೆ. ಪ್ರೊಬೇಷನ್ ಮುಗಿದರೂ ಶಿಕ್ಷೆಯ ದಾಖಲೆ ಅಳಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಬೇರೆಯೇ ಅರ್ಜಿ, ಅದು ಮಂಜೂರಾದರೂ ವಲಸೆ ಕಾನೂನಿನ ಕಣ್ಣಿಗೆ ಶಿಕ್ಷೆ ಶಿಕ್ಷೆಯೇ. ಗ್ರೀನ್ ಕಾರ್ಡ್ ಇರುವವರಿಗೆ ಒಂದು ಲಾಭವಂತೂ ಇದೆ: ಪ್ರೊಬೇಷನ್ ನಡೆಯುತ್ತಿರುವಾಗ ಪೌರತ್ವದ ಅರ್ಜಿ ಮಂಜೂರಾಗುವುದಿಲ್ಲ, ಮುಗಿದ ಮೇಲೆ ಆ ಅಡ್ಡಿ ಸರಿಯುತ್ತದೆ. “ದಾಖಲೆ ಕ್ಲೀನ್” ಎಂದು ಜಾಹೀರಾತು ಕೊಡುವವರು, “ಗ್ಯಾರಂಟಿ” ಎನ್ನುವವರು ಕಂಡರೆ ಮುಂದಿನ ಬಾಗಿಲು ನೋಡಿ.

ಕರಾರಿನಲ್ಲಿ ಮೂರು ವಿಷಯ ಬರೆಸಿ: ವಿಚಾರಣೆಗೆ ಹಾಜರಿ ಸೇರಿದೆಯೇ, ಫೈಲಿಂಗ್ ಶುಲ್ಕ ಯಾರದು, ತಿರಸ್ಕಾರವಾದರೆ ಮರು ಅರ್ಜಿಗೆ ಮತ್ತೆ ದುಡ್ಡೇ? ಕೋರ್ಟ್ ಸಹಿ ಹಾಕಬೇಕಾದ ಆದೇಶದ ಕರಡು ಅರ್ಜಿಯ ಜೊತೆಗೇ ಹೋಗಲಿ.

ಅರ್ಜಿ ಹಾಕಿದ ದಿನದಿಂದಲೇ ಆಫೀಸರ್ ಹತ್ತಿರ ಹೋಗುವುದು ಬಿಡುವವರಿದ್ದಾರೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಆದೇಶ ಬರುವವರೆಗೆ ಹಾಜರಿ, ಮಾದಕವಸ್ತು ಪರೀಕ್ಷೆ, ಕಂತು ಯಾವುದೂ ನಿಲ್ಲದು. ಬಂದ ಮೇಲೆ ಕ್ಲರ್ಕ್ ಕಚೇರಿಯಿಂದ ದೃಢೀಕೃತ ಪ್ರತಿ ಎರಡು ತೆಗೆಸಿ, ಒಂದನ್ನು ನೀವೇ ಪ್ರೊಬೇಷನ್ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.