ನಾಲ್ಕು ಬೇಸಿಗೆ ದಾಟಿದ ರಣಭೂಮಿಯ ಹಲಗೆ: ಎಕ್ಸ್‌ಪಿಎಸ್ ಶೀಟಿನ ದೀರ್ಘಕಾಲದ ಬಳಕೆಯ ಅನುಭವ

ಕಲಬುರಗಿಯ ನಮ್ಮ ಮನೆಯಲ್ಲಿ 2021ರ ನವೆಂಬರಿನಲ್ಲಿ ಕಟ್ಟಿದ ರಣಭೂಮಿಯ ಹಲಗೆ ಈಗ ನಾಲ್ಕು ಬೇಸಿಗೆಗಳನ್ನು ದಾಟಿದೆ. ಬೆರಳುದ್ದವೂ ಇಲ್ಲದ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಅಳತೆಪಟ್ಟಿ ಮತ್ತು ದಾಳಗಳ ನೆರವಿನಿಂದ ಹಳೆಯ ಕದನಗಳನ್ನು ಆಡಿ ನೋಡುವ ಮಿನಿಯೇಚರ್ ವಾರ್‌ಗೇಮಿನ ಹವ್ಯಾಸ ಉಳ್ಳವರಿಗಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹಲಗೆಯ ಮುಖ್ಯ ಸಾಮಗ್ರಿ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್, ಅಂದರೆ ಬಿಸಿಲಿನ ತಾಪ ಕೆಳಗಿಳಿಯದಂತೆ ಮಾಳಿಗೆಯ ಮೇಲೆ ಹಾಸುವ ಎಕ್ಸ್‌ಪಿಎಸ್ ಶೀಟು. ಈ ಶೀಟನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಆದರೆ ಮೇಲ್ಮೈಯ ಬೆಟ್ಟ, ಹೊಲ, ಹುಲ್ಲುಗಳಿಗೆ ನಾವು ಎಷ್ಟೇ ಶ್ರಮ ಸುರಿದರೂ ಹಲಗೆಯ ಆಯುಷ್ಯ ನಿಂತಿರುವುದು ಯಾರೂ ನೋಡದ ಅದರ ಹಿಂಬದಿ ಮತ್ತು ಅಂಚುಗಳ ಮೇಲೆ ಎಂಬುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಜೊತೆಗೆ ಆಡುವ ಗೆಳೆಯ ಬೀದರಿನಲ್ಲಿ ಇರುವುದರಿಂದ ಹಲಗೆ ಎತ್ತಿಕೊಂಡು ಹೋಗುವಂತೆ ಇರಲೇಬೇಕಿತ್ತು. ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಒಂದೇ ಹಲಗೆಯನ್ನು ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ ಒಯ್ಯಲು ಸಾಧ್ಯವಿಲ್ಲ. ಆದ್ದರಿಂದ ಅದನ್ನು 60 ಸೆಂಟಿಮೀಟರಿನ ಆರು ಚೌಕಗಳಾಗಿ ಮಾಡಿಕೊಂಡೆ. ಈ ಯೋಚನೆ ಹೊಸದೇನೂ ಅಲ್ಲ. 1812ರಲ್ಲಿ ಬ್ಯಾರನ್ ಫಾನ್ ರೈಸ್ವಿಟ್ಸ್ ಎಂಬುವರು ಪ್ರಷ್ಯಾದ ದೊರೆ ಮೂರನೆಯ ಫ್ರೀಡ್ರಿಕ್ ವಿಲ್ಹೆಲ್ಮನಿಗೆ ಒಪ್ಪಿಸಿದ ಯುದ್ಧದಾಟದ ಮೇಜಿನಲ್ಲಿಯೂ ನದಿ, ರಸ್ತೆ, ಗುಡ್ಡಗಳನ್ನು ಮೂಡಿಸಿದ ಬಿಡಿ ಚೌಕಗಳೇ ಇದ್ದವು. ಅವುಗಳನ್ನು ಬೇಕಾದಂತೆ ಜೋಡಿಸಿ ಬೇರೆ ಬೇರೆ ರಣಭೂಮಿಗಳನ್ನು ಮಾಡಿಕೊಳ್ಳಬಹುದಿತ್ತು. ಅರಮನೆಯ ಮೇಜು ರೈಲು ಹತ್ತಬೇಕಾಗಿರಲಿಲ್ಲ, ನನ್ನದು ಹತ್ತಬೇಕು ಎಂಬುದಷ್ಟೇ ವ್ಯತ್ಯಾಸ.

ನಾನು ಕೊಂಡ ಶೀಟಿನ ಅಳತೆ 1250 ಮಿಲಿಮೀಟರ್ ಉದ್ದ, 600 ಅಗಲ, 50 ದಪ್ಪ. ಒಂದು ಶೀಟಿನಲ್ಲಿ ಎರಡು ಚೌಕಗಳು ಬಂದು, ಉಳಿದ ಪಟ್ಟಿ ಬುರುಜುಗಳಿಗೂ ದಿಬ್ಬಗಳಿಗೂ ಆಗುತ್ತದೆ. ಸಾಮಾನ್ಯ ಥರ್ಮೋಕೋಲಿನಲ್ಲಿ ಕಾಳು ಕಾಳಾಗಿ ಉದುರುವ ಗುಣ ಇರುವುದರಿಂದ ಚಾಕು ಹಾಕಿದ ಕಡೆಯೆಲ್ಲ ಹಲ್ಲು ಬಿದ್ದಂತಾಗುತ್ತದೆ. ಎಕ್ಸ್‌ಪಿಎಸ್‌ನ ಮೈ ಒಂದೇ ಸಮನಾಗಿ ಬಿಗಿಯಾಗಿದ್ದು, ಹರಿತವಾದ ಕಟರ್ ಬ್ಲೇಡಿಗೆ ಗಟ್ಟಿ ಬೆಣ್ಣೆಯಂತೆ ಒಪ್ಪಿಕೊಳ್ಳುತ್ತದೆ ಮತ್ತು ಪೆನ್ಸಿಲಿನ ಮೊನೆಯಿಂದ ಗೀರಿದ ಕಲ್ಲಿನ ಸಂದುಗಳನ್ನೂ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ಇಳಿಜಾರುಗಳನ್ನು ಕತ್ತರಿಸಲು 12 ವೋಲ್ಟಿನ ಅಡಾಪ್ಟರಿಗೆ ನೈಕ್ರೋಮ್ ತಂತಿ ಕಟ್ಟಿ ಬಿಲ್ಲಿನಂಥ ಸಾಧನವೊಂದನ್ನು ಮಾಡಿಕೊಂಡೆ. ತಂತಿ ಹದವಾಗಿ ಕಾದಿದ್ದರೆ ಸಣ್ಣಗೆ ಸುಯ್‌ಗುಡುತ್ತ ತಾನಾಗಿಯೇ ಮುಂದೆ ಸಾಗುತ್ತದೆ, ಕತ್ತರಿಸಿದ ತುಂಡನ್ನು ಎತ್ತುವಾಗ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಹೆಚ್ಚು ಕಾದರೆ ಗೆರೆ ಅಗಲವಾಗಿ ಕರಗಿ ಅಳತೆ ತಪ್ಪುತ್ತದೆ. ಈ ಕೆಲಸದಲ್ಲಿ ಏಳುವ ಹೊಗೆ ಆರೋಗ್ಯಕ್ಕೆ ಒಳ್ಳೆಯದಲ್ಲವಾದ್ದರಿಂದ ದಯವಿಟ್ಟು ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ. ನಾನು ಸಂಜೆಯ ಹೊತ್ತು ಮಾಳಿಗೆಯ ಮೇಲೆ ಕುಳಿತೇ ಮಾಡುತ್ತೇನೆ.

ಮೊದಲ ನಷ್ಟ ಅಂಟಿನಿಂದ ಆಯಿತು. ಚಪ್ಪಲಿ ಮತ್ತು ರೆಕ್ಸಿನ್ ಅಂಟಿಸುವ, ಘಾಟು ವಾಸನೆಯ ರಬ್ಬರಿನ ಅಂಟನ್ನು, ಶೀಟಿನ ಅಡಿಗೆ ಆಧಾರವಾಗಿ ಕೊಡುವ ಪ್ಲೈವುಡ್ಡಿಗೆ ಬಳಿದು ಶೀಟನ್ನು ಒತ್ತಿದೆ. ಕೆಲವೇ ನಿಮಿಷಗಳಲ್ಲಿ ಅಂಟಿನಲ್ಲಿದ್ದ ದ್ರಾವಕ ಪಾಲಿಸ್ಟೈರೀನನ್ನು ತಿಂದುಹಾಕಿ, ಶೀಟಿನ ಕೆಳಗೆ ಬಟ್ಟಲಿನಷ್ಟು ದೊಡ್ಡ ಗುಳಿ ಬಿದ್ದಿತ್ತು. ಪೆಟ್ರೋಲು, ಥಿನ್ನರು, ಡಬ್ಬಿಯಿಂದ ಸಿಂಪಡಿಸುವ ಸಾಮಾನ್ಯ ಸ್ಪ್ರೇ ಬಣ್ಣ, ಇವೆಲ್ಲವೂ ಇದನ್ನೇ ಮಾಡುತ್ತವೆ. ನಂತರ ಬಿಳಿಯ ಫೆವಿಕಾಲ್ ಹಚ್ಚಿದಾಗ ಶೀಟು ಕರಗಲಿಲ್ಲ, ಆದರೆ ಗಾಳಿಯಾಡದ ಎರಡು ಪದರಗಳ ನಡುವೆ ಅಂಟು ಒಣಗಲೂ ಇಲ್ಲ. ಎಂಟು ದಿನ ಬಿಟ್ಟು ಒಂದು ಮೂಲೆಯನ್ನು ಎತ್ತಿ ನೋಡಿದರೆ ನಡುಭಾಗ ಇನ್ನೂ ಮೊಸರಿನಂತೆ ಹಸಿಯಾಗಿತ್ತು. ಅಂತಿಮವಾಗಿ ಕೈಹಿಡಿದದ್ದು ಪಾಲಿಯುರಿಥೇನ್ ಅಂಟು. ಅದು ಒಣಗುವಾಗ ನೊರೆಯಂತೆ ಉಬ್ಬಿ ಶೀಟನ್ನು ಮೇಲೆತ್ತುವುದರಿಂದ, ಮನೆಯಲ್ಲಿ ಉಳಿದಿದ್ದ ಶಹಾಬಾದ್ ಫರಸಿ ಕಲ್ಲುಗಳನ್ನು ರಾತ್ರಿಯಿಡೀ ಮೇಲೆ ಹೇರಿ ಇಟ್ಟೆ. ಸಪಾಟಾದ, ಭಾರವಾದ ಒತ್ತುಗಲ್ಲಿಗೆ ಫರಸಿಗಿಂತ ಉತ್ತಮವಾದದ್ದು ನಮ್ಮ ಭಾಗದಲ್ಲಿ ಸಿಗಲಾರದು.

ಇದಾದ ಮೇಲೆ ಹಲಗೆ ಬಾಗತೊಡಗಿತು. ಮೇಲ್ಮೈಗೆ ಮರಳು ಅಂಟಿಸಿ, ನೀರು ಬೆರೆಸಿದ ಫೆವಿಕಾಲಿನ ಎರಡು ಲೇಪ ಕೊಟ್ಟು ಒಂದು ವಾರ ಬಿಟ್ಟಾಗ ನಾಲ್ಕೂ ಮೂಲೆಗಳು ಮೇಲೆದ್ದು ಚೌಕ ಪರಾತದ ಆಕಾರಕ್ಕೆ ತಿರುಗಿದ್ದವು. ಪ್ಲೈವುಡ್ ಕತ್ತರಿಸಿಕೊಟ್ಟಿದ್ದ ಬಡಿಗೇರ ಕಾಕಾ ಅವರಿಗೆ ತೋರಿಸಿದಾಗ, "ಒಂದೇ ಮಗ್ಗಲಿಗಿ ಹಚ್ಚಿದ್ರ ಹಲಗಿ ಬಾಗ್ತದ್ರಿ ಸರ್, ಎರಡೂ ಮಗ್ಗಲಿಗಿ ಹಚ್ಚ್ರಿ" ಎಂದು ಒಂದೇ ಮಾತಿನಲ್ಲಿ ಕಾರಣವನ್ನೂ ಪರಿಹಾರವನ್ನೂ ಹೇಳಿದರು. ಒಣಗುವ ಲೇಪ ಕುಗ್ಗುತ್ತ ತಾನಿರುವ ಬದಿಯನ್ನು ತನ್ನತ್ತ ಎಳೆಯುತ್ತದೆ. ಇನ್ನೊಂದು ಬದಿಯಲ್ಲಿಯೂ ಅಷ್ಟೇ ಎಳೆತ ಇದ್ದರೆ ಮಾತ್ರ ಹಲಗೆ ನೆಟ್ಟಗೆ ನಿಲ್ಲುತ್ತದೆ. ಅಂದಿನಿಂದ ನಾನು ಹಿಂಬದಿಗೇ ಮೊದಲ ಲೇಪ ಕೊಡುತ್ತೇನೆ. ನಾಲ್ಕು ಮಿಲಿಮೀಟರಿನ ಪ್ಲೈವುಡ್ಡನ್ನೂ ಕೈಬಿಟ್ಟು ಆರು ಮಿಲಿಮೀಟರಿನದಕ್ಕೆ ಬದಲಾಯಿಸಿದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪ್ಲೈವುಡ್ಡಿನಲ್ಲಿ ಎಂಟು ಚೌಕಗಳು ಬರುತ್ತವೆ. ಆರನ್ನು ಬಳಸಿ ಎರಡನ್ನು ಎತ್ತಿಟ್ಟದ್ದು ಮುಂದೆ ಉಪಯೋಗಕ್ಕೆ ಬಂತು.

ನಮ್ಮ ಊರಿನ ಬಿಸಿಲಿನ ಬಗ್ಗೆ ಬೇರೆ ಕಡೆಯ ಹವ್ಯಾಸಿಗಳು ಬರೆದ ಸಲಹೆಗಳಲ್ಲಿ ಏನೂ ಸಿಗುವುದಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 42, 43 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿನವರಿಗೆ ಗೊತ್ತೇ ಇದೆ. ಎಕ್ಸ್‌ಪಿಎಸ್ ಸುಮಾರು 75 ಡಿಗ್ರಿಯವರೆಗೆ ತಾಳಿಕೊಳ್ಳುತ್ತದೆ ಎಂಬ ಧೈರ್ಯದ ಮೇಲೆ 2022ರ ಬೇಸಿಗೆಯಲ್ಲಿ ಹಲಗೆಗಳನ್ನು ಮೇಲಿನ ಪತ್ರಾಸಿನ ಕೋಣೆಯಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದೆ. ಜೂನಿನಲ್ಲಿ ತೆಗೆದು ನೋಡಿದಾಗ ಕಿಟಕಿಯ ಬಿಸಿಲು ಬೀಳುತ್ತಿದ್ದ ಒಂದು ಚೌಕದ ಮೇಲೆ ಅಂಗೈಯಷ್ಟು ಅಗಲಕ್ಕೆ ಗುಳ್ಳೆಯೆದ್ದಿತ್ತು. ಎರೆಹೊಲವೆಂದು ಕಪ್ಪು ಬಣ್ಣ ಬಳಿದಿದ್ದ ಭಾಗವೇ ಅದು. ಪಕ್ಕದ ತಿಳಿ ಬಣ್ಣದ ರಸ್ತೆಗೆ ಏನೂ ಆಗಿರಲಿಲ್ಲ. ಗಾಳಿಯ ಉಷ್ಣಾಂಶ ಎಷ್ಟೇ ಇರಲಿ, ನೇರ ಬಿಸಿಲಿಗೆ ಒಡ್ಡಿದ ಕಪ್ಪು ಮೈ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಈಗ ಹಲಗೆಗಳು ಕೆಳಗಿನ ಕೋಣೆಯ ಮಂಚದಡಿ, ಫರಸಿಯ ಮೇಲೆ ಅಡ್ಡಡ್ಡಲಾಗಿ ಮಲಗುತ್ತವೆ. ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನ ಬಿಟ್ಟು ಹೋಗುವುದಂತೂ ಇಲ್ಲವೇ ಇಲ್ಲ.

ಇಷ್ಟೆಲ್ಲ ತೊಂದರೆಗಳ ನಡುವೆಯೂ 50 ಮಿಲಿಮೀಟರ್ ದಪ್ಪದ ಶೀಟನ್ನೇ ಹಿಡಿದುಕೊಂಡದ್ದಕ್ಕೆ ಕಾರಣ ಬೀದರ್ ಕೋಟೆಯ ಕಂದಕ. ಕೋಟೆಯ ದಕ್ಷಿಣಕ್ಕೆ ಕೆಂಪು ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು ಮೂರು ಕಂದಕಗಳನ್ನು ಮಾಡಿದ್ದಾರೆ. ಅವುಗಳ ನಡುವಿನ ಗೋಡೆಗಳು ಕಟ್ಟಿದವಲ್ಲ, ಕಡಿಯುವಾಗ ಬಂಡೆಯಲ್ಲಿಯೇ ಬಿಟ್ಟುಕೊಂಡವು. 1657ರಲ್ಲಿ ದಖ್ಖನ್ನಿನ ಸುಬೇದಾರನಾಗಿದ್ದ ಔರಂಗಜೇಬ ಈ ಕೋಟೆಗೆ ಮುತ್ತಿಗೆ ಹಾಕಿದ. ಕಿಲ್ಲೇದಾರ ಸಿದ್ದಿ ಮರ್ಜಾನ್ ಅದನ್ನು 27 ದಿನ ಕಾದುಕೊಂಡ; ಕೊನೆಗೆ ಬುರುಜಿನ ಬಳಿಯ ಮದ್ದಿಗೆ ಬೆಂಕಿ ತಗುಲಿ ಸಿಡಿದಾಗ ಮಾರಣಾಂತಿಕವಾಗಿ ಗಾಯಗೊಂಡ. ಈ ಮುತ್ತಿಗೆಯನ್ನು ಆಡಬೇಕೆಂದೇ ನಾವು ಹಲಗೆ ಕಟ್ಟಿದ್ದರಿಂದ ನೆಲದ ಮೇಲೆ ಏನನ್ನೋ ಇಡುವುದಷ್ಟೇ ಸಾಲದು, ನೆಲವನ್ನು ಅಗೆಯಲೂ ಬೇಕಿತ್ತು. ತೆಳುವಾದ ಶೀಟಿನ ಮೇಲೆ ಗುಡ್ಡ ಮಾಡಬಹುದು, ಕಂದಕ ಮಾಡಲಾಗದು.

ನಮ್ಮ ಗೊಂಬೆಗಳು 15 ಮಿಲಿಮೀಟರ್ ಪ್ರಮಾಣದವು. ಅವುಗಳ ಅಡಿಪಟ್ಟಿ 40 ಮಿಲಿಮೀಟರ್ ಅಗಲ. ಅಡಿಪಟ್ಟಿ ಒಳಗೆ ಇಳಿದು ನಿಲ್ಲಲೇಬೇಕಾದ್ದರಿಂದ ಕಂದಕಗಳನ್ನು 45 ಮಿಲಿಮೀಟರ್ ಅಗಲ, 35 ಆಳ ಮಾಡಿದೆ. ನಿಜವಾದ ಕೋಟೆಯ ಪ್ರಮಾಣಕ್ಕೆ ಇದು ದೊಡ್ಡದೇ, ಆದರೆ ಆಟಕ್ಕೆ ಅನಿವಾರ್ಯ. ನಡುವಿನ ಗೋಡೆಗಳನ್ನು ಶೀಟಿನಲ್ಲಿಯೇ ಎಂಟು ಮಿಲಿಮೀಟರ್ ದಪ್ಪಕ್ಕೆ ಬಿಟ್ಟಿದ್ದೆ. ಮೂರನೆಯ ಪ್ರಯಾಣದಲ್ಲಿ ಒಂದು ಗೋಡೆ ಬುಡದಲ್ಲಿಯೇ ಮುರಿಯಿತು, ಐದನೆಯದರಲ್ಲಿ ಇನ್ನೊಂದು. ಮುರಿದ ಜಾಗವನ್ನು ಗಮನಿಸಿದಾಗ ಎರಡೂ ಕಡೆ ಬಿರುಕು ಹುಟ್ಟಿದ್ದು ಕಟರ್ ಬ್ಲೇಡು ಮೂಲೆಯಲ್ಲಿ ಅಗತ್ಯಕ್ಕಿಂತ ಒಂದು ಕೂದಲೆಳೆ ಹೆಚ್ಚು ಆಳಕ್ಕೆ ಇಳಿದಿದ್ದ ಗೆರೆಯಿಂದಲೇ ಎಂದು ತಿಳಿಯಿತು. ಈಗ ಗೋಡೆಯ ಒಳಗೆ ಆರು ಮಿಲಿಮೀಟರಿನ ಪ್ಲೈವುಡ್ ಪಟ್ಟಿಯನ್ನು ನಿಲ್ಲಿಸಿ, ಎರಡೂ ಬದಿಗೆ ಮೂರು ಮಿಲಿಮೀಟರಿನ ಶೀಟನ್ನು ಹೊದಿಸಿದ್ದೇನೆ. ಅದರ ಮೇಲೆ ಟೂತ್‌ಬ್ರಷ್ಷಿನಿಂದ ಕುಟ್ಟಿ ಜಂಬಿಟ್ಟಿಗೆಯ ತೂತುಗಳನ್ನು ಮೂಡಿಸಿ, ಇಟ್ಟಿಗೆ ಕೆಂಪಿನ ಮೇಲೆ ತೆಳುವಾದ ಕಂದು ಬಣ್ಣವನ್ನು ಹರಿಸಿದಾಗ, ಬೀದರಿನ ಗೆಳೆಯ ಬೆರಳಿನಿಂದ ಸವರಿ ನೋಡಿ ಬಹಳ ಹೊತ್ತು ಸುಮ್ಮನೆ ಕುಳಿತ. ಆ ಗೋಡೆಗಳು ಎರಡು ವರ್ಷಗಳಿಂದ ಗಟ್ಟಿಯಾಗಿವೆ.

ಅಂಚುಗಳದ್ದು ಬೇರೆಯೇ ಕಥೆ. ತೆರೆದ ಅಂಚಿನ ಎಕ್ಸ್‌ಪಿಎಸ್ ಬಾಗಿಲಿಗೆ ಒಮ್ಮೆ ತಾಗಿದರೂ ಚಕ್ಕೆ ಏಳುತ್ತದೆ, ಮತ್ತು ಚಕ್ಕೆ ಎದ್ದ ಎರಡು ಚೌಕಗಳ ನಡುವಿನ ಸಂದು ರಣಭೂಮಿಯ ಮೇಲೆ ಬಿಳಿಯ ಗಾಯದಂತೆ ಕಾಣುತ್ತದೆ. ಆದ್ದರಿಂದ ಪ್ರತಿ ಚೌಕದ ಸುತ್ತ ಪ್ಲೈವುಡ್ಡಿನ ಚೌಕಟ್ಟನ್ನು ಹಾಕಿಸಿ, ಶೀಟನ್ನು 58.8 ಸೆಂಟಿಮೀಟರಿಗೆ ಇಳಿಸಿದೆ. ಜೋಡಣೆಗೆಂದು ಮೊದಲು ಶೀಟಿನಲ್ಲಿಯೇ ಕೂರಿಸಿದ್ದ ನಿಯೋಡಿಮಿಯಂ ಅಯಸ್ಕಾಂತಗಳು ಬಿಡಿಸುವಾಗ ಶೀಟಿನ ತುಣುಕನ್ನೂ ಕಿತ್ತುಕೊಂಡು ಬರುತ್ತಿದ್ದವು. ಚೌಕಟ್ಟಿನ ಕಟ್ಟಿಗೆಯಲ್ಲಿ ಕೂರಿಸಿದ ಮೇಲೆ ಒಂದೂ ಕಿತ್ತಿಲ್ಲ. ಆದರೂ ಅಯಸ್ಕಾಂತ ಚೌಕಗಳನ್ನು ಹತ್ತಿರಕ್ಕೆ ಸೆಳೆಯುತ್ತದೆಯೇ ಹೊರತು ಮಟ್ಟವನ್ನು ಕಾಯುವುದಿಲ್ಲ. ಆ ಕೆಲಸಕ್ಕೆ ಪ್ರತಿ ಬದಿಗೆ ಎರಡು ಕಟ್ಟಿಗೆಯ ಗೂಟಗಳು ಬೇಕು. ರಸ್ತೆಯಾಗಲಿ ಹಳ್ಳವಾಗಲಿ ಚೌಕದ ಅಂಚನ್ನು ದಾಟುವುದು ಬದಿಯ ನಟ್ಟನಡುವೆ, 30 ಸೆಂಟಿಮೀಟರಿನಲ್ಲಿಯೇ ಇರಲಿ. ಆಗ ಕೋಟೆಯ ಎರಡು ಚೌಕಗಳನ್ನು ಬಿಟ್ಟು ಉಳಿದವನ್ನು ಹೇಗೆ ತಿರುಗಿಸಿ ಇಟ್ಟರೂ ದಾರಿ ಕೂಡಿಕೊಳ್ಳುತ್ತದೆ.

ಮೇಲ್ಮೈಗೆ ನಮ್ಮ ಮಣ್ಣನ್ನೇ ಬಳಸಬೇಕೆಂಬ ಆಸೆ ನನಗೆ ಬಲವಾಗಿತ್ತು. ಆದರೆ ಕಲಬುರಗಿಯ ಎರೆಮಣ್ಣು ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗಿ ಬಿರಿಯುವ ಮಣ್ಣು. ಅಂಟಿನೊಂದಿಗೆ ಹಚ್ಚಿದ ಮೂರನೆಯ ದಿನಕ್ಕೆ ನಿಜವಾದ ಹೊಲದಂತೆಯೇ ಬಿರುಕು ಬಿಟ್ಟಿತು. ನೋಡಲು ಅದು ಸುಂದರವಾಗಿತ್ತು, ಆದರೆ ವಾರದೊಳಗೆ ಹಪ್ಪಳದಂತೆ ಎದ್ದು ಬಂತು. ಬೀದರಿನ ಕೆಂಪು ಮುರುಮಿಗೆ ಈ ದೋಷವಿಲ್ಲ. ಜರಡಿ ಹಿಡಿದು, ಹಳೆಯ ಹಂಚಿನ ಮೇಲೆ ಹುರಿದು ಹುಳು, ಬೀಜಗಳನ್ನು ಕಳೆದು ಹಚ್ಚಿದ್ದು ಇಂದಿಗೂ ಭದ್ರವಾಗಿದೆ. ಎರೆಹೊಲಕ್ಕೆ ಈಗ ಸಣ್ಣ ಮರಳಿನ ಮೇಲೆ ಗಾಢ ಕಂದು ಬಣ್ಣವನ್ನು ಹಚ್ಚುತ್ತೇನೆ. ಬಿಸಿಲಿನ ಪಾಠದ ನಂತರ ಅಚ್ಚ ಕಪ್ಪನ್ನು ಬಿಟ್ಟಿದ್ದೇನೆ. ಒಣ ತೊಗರಿ ಕಟ್ಟಿಗೆಯ ತುದಿಯ ಕವಲುಗಳು ಗಿಡಗಳಿಗೆ, ತೆಂಗಿನ ನಾರು ಒಣಹುಲ್ಲಿಗೆ ಸಾಕಾಗುತ್ತವೆ. ಕಾಗದದ ರದ್ದಿನಿಂದ ದಿಬ್ಬ ಮಾಡುವವರು ಮೈದಾ ಸರಿಗೆ ಚಿಟಿಕೆ ಮೈಲುತುತ್ತ ಬೆರೆಸಲಿ, ಇಲ್ಲವಾದರೆ ಹುಳು ಬೀಳುತ್ತದೆ. ಅದು ವಿಷವಾದ್ದರಿಂದ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು.

ಸಾಗಿಸುವ ವಿಷಯಕ್ಕೆ ಬಂದರೆ, ಒಂದು ಚೌಕ ಸುಮಾರು 2 ಕಿಲೋ 800 ಗ್ರಾಂ ತೂಗುತ್ತದೆ. ಅದರಲ್ಲಿ ಶೀಟಿನ ಪಾಲು ಅರ್ಧ ಕಿಲೋ ಚಿಲ್ಲರೆ ಮಾತ್ರ, ಉಳಿದದ್ದೆಲ್ಲ ಕಟ್ಟಿಗೆ, ಮರಳು, ಬಣ್ಣ. ಎರಡೆರಡು ಚೌಕಗಳನ್ನು ಮುಖಾಮುಖಿಯಾಗಿಸಿ, ನಾಲ್ಕು ಮೂಲೆಗೆ ಉದ್ದನೆಯ ಬೋಲ್ಟುಗಳನ್ನು ಹಾಕಿ ನಡುವೆ ಎಂಟು ಸೆಂಟಿಮೀಟರ್ ಅಂತರ ಬಿಡುತ್ತೇನೆ. ಬುರುಜುಗಳು ಬಿಚ್ಚಿ ಬರುವಂಥವು, ಅವುಗಳಿಗೆ ಬೇರೆ ಡಬ್ಬಿ ಇದೆ. ಹೀಗೆ ಮೂರು ಕಟ್ಟುಗಳಾಗುತ್ತವೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ತೆರೆದಿರುವುದು ನಮ್ಮ ಆಟಕ್ಕೆ ದೊಡ್ಡ ಅನುಕೂಲವಾಗಿದೆ. ಬಸ್ಸಿನಲ್ಲಿ ಒಯ್ದ ಎರಡೂ ಸಲ ಏನಾದರೊಂದು ಮುರಿದಿತ್ತು. ರೈಲಿನಲ್ಲಿ ಕಟ್ಟುಗಳನ್ನು ಸೀಟಿನ ಕೆಳಗೆ ಅಡ್ಡಲಾಗಿ ಇಟ್ಟು ಏಳು ಸಲ ಹೋಗಿ ಬಂದಿದ್ದೇವೆ. ಆ ಕಂದಕದ ಗೋಡೆಗಳನ್ನು ಬಿಟ್ಟರೆ ದೊಡ್ಡ ಹಾನಿ ಆಗಿಲ್ಲ. ಒಬ್ಬರೇ ಮೂರು ಕಟ್ಟುಗಳನ್ನು ಹೊರುವುದು ಮಾತ್ರ ಕಷ್ಟ, ಇಬ್ಬರು ಬೇಕು.

ಶೀಟು ಒಂದಕ್ಕೆ ಆಗ ನಾನು ಕೊಟ್ಟದ್ದು 450 ರೂಪಾಯಿ. ಹಾಳು ಮಾಡಿಕೊಂಡದ್ದನ್ನೂ ಸೇರಿಸಿ ನಾಲ್ಕು ಶೀಟು, ಪ್ಲೈವುಡ್, ಅಂಟು, ಬಣ್ಣ, ಬಡಿಗೇರರ ಕೂಲಿ ಎಲ್ಲ ಕೂಡಿ ಆರೂವರೆ ಸಾವಿರದ ಹತ್ತಿರ ಬಂತು. ನಿರ್ವಹಣೆ ಎಂದರೆ ಆಟದ ನಂತರ ಮೆತ್ತನೆಯ ಬ್ರಷ್ಷಿನಿಂದ ಧೂಳು ಝಾಡಿಸುವುದು, ವರ್ಷಕ್ಕೊಮ್ಮೆ ಮ್ಯಾಟ್ ವಾರ್ನಿಷ್ ಹಚ್ಚುವುದು. ವಾರ್ನಿಷ್ ನೀರಿನಲ್ಲಿ ಬೆರೆಯುವಂಥದ್ದೇ ಆಗಿರಬೇಕು.

ಗುಳ್ಳೆಯೆದ್ದ ಚೌಕವನ್ನು ಮೂರು ವರ್ಷ ಒಂದು ದಿಬ್ಬದ ಅಡಿಯಲ್ಲಿ ಮುಚ್ಚಿಟ್ಟು ಆಡಿದೆವು. ಅದೇ ಜಾಗದಲ್ಲಿ ಈಗ ಶೀಟು ಪ್ಲೈವುಡ್ಡಿನಿಂದ ಬಿಡುತ್ತಿರುವುದರಿಂದ ಅದನ್ನು ಬದಲಾಯಿಸುತ್ತಿದ್ದೇನೆ. ಎತ್ತಿಟ್ಟಿದ್ದ ಎರಡು ಚೌಕಗಳಲ್ಲಿ ಒಂದನ್ನು ತೆಗೆದು, ಹಿಂಬದಿಗೆ ಮೊದಲ ಲೇಪ ಹಚ್ಚಿ, ಮಂಚದಡಿಯ ಫರಸಿಯ ಮೇಲೆ ಆರಲು ಬಿಟ್ಟಿದ್ದೇನೆ.